ಕಸ್ತೂರ್ಬಾ ರಸ್ತೆಯ ಮ್ಯಾಪ್: ಕೊಡಗಿನಿಂದ ಹೋಗಿ ನೋಡುವವರಿಗೆ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ ಎಲ್ಲರ ಬಾಯಲ್ಲಿ ‘ಮ್ಯಾಪ್’ ಎಂದೇ ಆಗಿದೆ. ಮಡಿಕೇರಿಯಿಂದ ಒಂದಿಡೀ ದಿನವನ್ನು ಮೀಸಲಿಟ್ಟು ಹೋಗಿ ನೋಡಬೇಕಾದ ಸ್ಥಳ ಅದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಮಕಾಲೀನ ಕಲೆಯೆಂದರೆ ನಗರದ ಓದಿದವರ ವಿಷಯ, ಕಾಫಿ ತೋಟದ ನಡುವೆ ಬದುಕುವ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಜಿಲ್ಲೆಯಲ್ಲಿ ಹಲವರು ತಿಳಿದಿದ್ದಾರೆ. ಹಾಗೆ ತಿಳಿಯುವುದಕ್ಕೆ ಕಾರಣವೂ ಇದೆ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿ ನಡೆಯುತ್ತಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾವು ಪ್ರಾಚೀನ ಶಿಲ್ಪಗಳನ್ನು ನೋಡಿದ್ದೇವೆ, ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆಯಲ್ಲಿ ಸೇನೆಯ ನೆನಪುಗಳನ್ನು ನೋಡಿದ್ದೇವೆ. ಎರಡೂ ಕಡೆ ಇರುವುದು ಮುಗಿದುಹೋದ ಕಾಲದ ವಸ್ತುಗಳು. ಈಗ ನಮ್ಮೊಡನೆಯೇ ಬದುಕಿರುವ ಕಲಾವಿದರ ಕೆಲಸವನ್ನು ಎದುರಿಗೆ ನಿಂತು ನೋಡುವ ಅವಕಾಶ ನಮಗೆ ಅಪರೂಪ.

ಮ್ಯಾಪ್ ಸಾರ್ವಜನಿಕರಿಗೆ ತೆರೆದದ್ದು 2023ರ ಫೆಬ್ರುವರಿ 18ರಂದು. ಅಭಿಷೇಕ್ ಪೊದ್ದಾರ್ ಅವರು ಸ್ಥಾಪಿಸಿದ ಈ ಖಾಸಗಿ ಸಂಗ್ರಹಾಲಯದಲ್ಲಿ 60,000ಕ್ಕೂ ಹೆಚ್ಚು ವಸ್ತುಗಳಿವೆ. ಗೋಡೆಯ ಮೇಲೆ ಒಮ್ಮೆಗೆ ಕಾಣುವುದು ಅದರಲ್ಲಿ ತೀರಾ ಸಣ್ಣ ಪಾಲು ಮಾತ್ರ. ಐದು ಅಂತಸ್ತಿನ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಬೆಂಗಳೂರಿನವರೇ ಆದ ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು. ಮನೆಯ ತಾರಸಿಗಳ ಮೇಲೆ ಹಿಂದೆ ಕಾಣುತ್ತಿದ್ದ ಲೋಹದ ನೀರಿನ ತೊಟ್ಟಿಗಳನ್ನು ನೆನಪಿಗೆ ತರುವಂತೆ, ಗುಣಿಸು ಚಿಹ್ನೆಯ ಉಬ್ಬುಗಳನ್ನು ಒತ್ತಿದ ಉಕ್ಕಿನ ಹಾಳೆಗಳನ್ನು ಹೊರಗೋಡೆಗೆ ಹೊದಿಸಿದ್ದಾರೆ. ಹೊರಗಿನಿಂದ ನೋಡುವಾಗ ಕಟ್ಟಡ ಕೊಂಚ ಬಿಗಿಯಾಗಿ, ಮೌನವಾಗಿ ಕಾಣುತ್ತದೆ. ಒಳಗೆ ಹೋದ ಮೇಲೆ ಆ ಬಿಗಿತ ಉಳಿಯುವುದಿಲ್ಲ.

ಈ ಸಂಗ್ರಹಾಲಯವನ್ನು ನಾನು ಇಷ್ಟು ಒತ್ತಿ ಶಿಫಾರಸು ಮಾಡುವುದಕ್ಕೆ ಮುಖ್ಯ ಕಾರಣ, ಅದು ಕಲೆಗೂ ಕಸುಬಿಗೂ ನಡುವೆ ಬೇಲಿ ಹಾಕದಿರುವುದು. ಆಧುನಿಕ ವರ್ಣಚಿತ್ರ, ಛಾಯಾಚಿತ್ರ, ಜನಪದ ಮತ್ತು ಬುಡಕಟ್ಟು ಕಲೆ, ನೇಯ್ಗೆ, ಸಿನಿಮಾ ಪೋಸ್ಟರು, ಹಳೆಯ ಜಾಹೀರಾತು ಇವೆಲ್ಲವೂ ಇಲ್ಲಿ ಒಂದೇ ಸಂಗ್ರಹದ ಭಾಗಗಳು. ಆರಂಭದಲ್ಲಿ ಏರ್ಪಡಿಸಿದ, ಭಾರತೀಯ ಕಲೆಯಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಲಾಗಿದೆ ಎಂಬುದನ್ನು ಕುರಿತ ‘ವಿಸಿಬಲ್/ಇನ್‌ವಿಸಿಬಲ್’ ಪ್ರದರ್ಶನದಲ್ಲಿ ಈ ನಿಲುವು ಸ್ಪಷ್ಟವಾಗಿ ಕಾಣುತ್ತಿತ್ತು. ದೇವತೆಯಾಗಿ ಪೂಜೆಗೊಂಡ ಹೆಣ್ಣು, ಹಿಂಸೆಗೆ ಒಳಗಾದ ಹೆಣ್ಣು, ಎದುರು ನಿಂತು ಪ್ರತಿಭಟಿಸಿದ ಹೆಣ್ಣು ಎಂಬ ಎಳೆಗಳನ್ನು ಹಿಡಿದು, ಬೇರೆ ಬೇರೆ ಶತಮಾನಗಳ, ಬೇರೆ ಬೇರೆ ಮಾಧ್ಯಮಗಳ ಕೃತಿಗಳನ್ನು ಒಂದರ ಬಳಿ ಒಂದನ್ನು ಇರಿಸಿದ್ದರು. ಕಾಲಾನುಕ್ರಮದಲ್ಲಿ ಜೋಡಿಸಿದ್ದರೆ ಹೊಳೆಯದ ಪ್ರಶ್ನೆಗಳು ಆ ನೆರೆಹೊರೆಯಿಂದ ಹುಟ್ಟುತ್ತವೆ. ಮದುವೆಯ ಮನೆಯಲ್ಲಿ ಮಾತ್ರ ಪೆಟ್ಟಿಗೆಯಿಂದ ಹೊರಬರುವ ನಮ್ಮ ಕುಪ್ಯ (ಗಂಡಸರ ಉದ್ದನೆಯ ನಿಲುವಂಗಿ), ಚೇಲೆ (ಸೊಂಟಕ್ಕೆ ಸುತ್ತುವ ರೇಷ್ಮೆಪಟ್ಟಿ), ಪೀಚೆಕತ್ತಿ (ಅದಕ್ಕೆ ಸಿಕ್ಕಿಸುವ ಅಲಂಕೃತ ಕಿರುಗತ್ತಿ)ಗಳನ್ನು ‘ಸಂಪ್ರದಾಯ’ ಎಂಬ ಒಂದೇ ಹೆಸರಿನಡಿ ಇಟ್ಟು ಸುಮ್ಮನಾಗುವ ನಾವು, ಅವುಗಳ ನೇಯ್ಗೆಯನ್ನೂ ಬೆಳ್ಳಿಯ ಕೆತ್ತನೆಯನ್ನೂ ಒಬ್ಬ ಕೆಲಸಗಾರನ ಆಯ್ಕೆಗಳಾಗಿ ನೋಡುವುದಕ್ಕೆ ಇಂತಹ ಪ್ರದರ್ಶನ ಕಣ್ಣನ್ನು ಸಿದ್ಧಗೊಳಿಸುತ್ತದೆ.

ಛಾಯಾಚಿತ್ರ ವಿಭಾಗವೇ ಮ್ಯಾಪ್‌ನ ಹೃದಯ ಎಂದು ನನಗೆ ಅನ್ನಿಸುತ್ತದೆ. 1934ರಲ್ಲಿ ಭಾವನಗರದಲ್ಲಿ ಹುಟ್ಟಿದ, ಬರೋಡದಲ್ಲಿ ಚಿತ್ರಕಲೆ ಮತ್ತು ಮುದ್ರಣಕಲೆಯಲ್ಲಿ ದುಡಿದ ಜ್ಯೋತಿ ಭಟ್ಟ್ ಅವರ ಛಾಯಾಚಿತ್ರಗಳ ದೊಡ್ಡ ಸಂಗ್ರಹ ಇಲ್ಲಿದೆ. ಆರಂಭದ ಪ್ರದರ್ಶನಗಳಲ್ಲಿ ಒಂದು ಅವರ ಕೆಲಸಕ್ಕೇ ಮೀಸಲಾಗಿತ್ತು. 1967ರಲ್ಲಿ ಗುಜರಾತಿನ ಜನಪದ ಕಲೆಯನ್ನು ದಾಖಲಿಸುವ ಸಲುವಾಗಿ ಹಳ್ಳಿಗಳಿಗೆ ಹೋದ ಅವರು, ಅಲ್ಲಿಂದ ಮುಂದೆ ದಶಕಗಳ ಕಾಲ ಊರೂರು ಅಲೆದು, ಹೆಂಗಸರು ಮಣ್ಣಿನ ಗೋಡೆಯ ಮೇಲೆ ಬರೆದ ಚಿತ್ರಗಳನ್ನೂ ಅಂಗಳದಲ್ಲಿ ಹಾಕಿದ ರಂಗೋಲಿಯನ್ನೂ ಮೈಮೇಲಿನ ಹಚ್ಚೆಯನ್ನೂ ಚಿತ್ರಿಸಿಕೊಂಡರು. ಆ ಚಿತ್ರಗಳಲ್ಲಿ ಗೋಡೆ ಮಾತ್ರ ಇರುವುದಿಲ್ಲ. ಅದನ್ನು ಬರೆದ ಹೆಂಗಸು, ಅವಳ ಮಗು, ಬಾಗಿಲಲ್ಲಿ ಕಟ್ಟಿದ ದನ ಎಲ್ಲವೂ ಒಂದೇ ಚೌಕಟ್ಟಿನೊಳಗೆ ಸೇರಿ, ಆ ಕಲೆ ಯಾರ ಬದುಕಿನಿಂದ ಬಂತು ಎಂಬುದು ನೋಡುವವರಿಗೆ ಮರೆಯದಂತೆ ನಿಲ್ಲುತ್ತದೆ. ಪೂರ್ತಿ ಒಂದು ಗಂಟೆಯನ್ನು ಇಂತಹ ಕಪ್ಪು-ಬಿಳುಪು ಚಿತ್ರಗಳ ಮುಂದೆಯೇ ಕಳೆದರೂ ಅದು ವ್ಯರ್ಥವಲ್ಲ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಕಂಬಗಳೂ ಕೆತ್ತನೆಯ ಬಾಗಿಲುವಾಡಗಳೂ ನಮ್ಮ ಕಣ್ಣೆದುರೇ ಕಳಚಿ ಮಾರಾಟವಾಗುತ್ತಿರುವಾಗ, ಅವನ್ನು ಬಳಸುವ ಕುಟುಂಬದವರ ಸಮೇತ ಹೀಗೆ ಚಿತ್ರಿಸಿಡುವ ಕೆಲಸ ಕೊಡಗಿನಲ್ಲೂ ಊರೂರಿನಲ್ಲಿ ನಡೆಯಬೇಕು ಎಂದು ಆ ಕೋಣೆಯಲ್ಲಿ ನನಗೆ ತೀವ್ರವಾಗಿ ಅನ್ನಿಸಿತು.

ಒಳಗಿನ ಬೆಳಕು ಮಂದವಾಗಿದೆ ಎಂದು ಕೆಲವರು ದೂರುವುದುಂಟು. ಅದಕ್ಕೆ ಇರುವ ಕಾರಣ ಕೊಡಗಿನವರಿಗೆ ಇತರರಿಗಿಂತ ಬೇಗ ಅರ್ಥವಾಗಬೇಕು. ಕಾಗದ, ಬಟ್ಟೆ, ಛಾಯಾಚಿತ್ರ, ಜಲವರ್ಣ ಇವುಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ಜಗತ್ತಿನ ಸಂಗ್ರಹಾಲಯಗಳಲ್ಲಿ ಸಾಮಾನ್ಯ ನಿಯಮ. ಬೆಳಕಿನಿಂದಾಗುವ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಒಮ್ಮೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಸೂಕ್ಷ್ಮವಾದ ಕೃತಿಗಳನ್ನು ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಯ ಉಗ್ರಾಣದಲ್ಲಿ ವಿಶ್ರಾಂತಿಗೆ ಇಡುವುದೂ ಇದೇ ಕಾರಣಕ್ಕೆ. ತೇವಾಂಶದ ಲೆಕ್ಕವೂ ಹೀಗೆಯೇ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 65ರಿಂದ 70ನ್ನು ದಾಟಿ ಹಾಗೆಯೇ ಉಳಿದರೆ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಸಂಗ್ರಹಾಲಯಗಳು ಅದನ್ನು ಶೇ 50ರ ಆಸುಪಾಸಿನಲ್ಲಿ ಸ್ಥಿರವಾಗಿಡಲು ಶ್ರಮಿಸುತ್ತವೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಗೆ ತೂಗುಹಾಕಿದ ಅಜ್ಜ-ಅಜ್ಜಿಯರ ಚಿತ್ರಗಳು ಗಾಜಿಗೆ ಅಂಟಿಕೊಂಡು ಚುಕ್ಕೆ ಚುಕ್ಕೆಯಾಗುವುದನ್ನು ನೋಡಿರುವ ನಮಗೆ ಇದು ಪುಸ್ತಕದ ಮಾತಲ್ಲ. ಮ್ಯಾಪ್‌ನ ಕಟ್ಟಡದೊಳಗೆ ಸಂರಕ್ಷಣಾ ಪ್ರಯೋಗಾಲಯವೂ ಗ್ರಂಥಾಲಯವೂ ಇವೆ. ಹಳೆಯ ಚಿತ್ರಗಳನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಗೆ ಹಾಕುವುದು, ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ರಟ್ಟಿನ ಅಂಚು ಕೊಟ್ಟು ಅಂತರ ಉಳಿಸುವುದು ಇಂತಹ ಸಣ್ಣ ಕ್ರಮಗಳನ್ನು ನಮ್ಮ ಮನೆಗಳಲ್ಲೂ ಅನುಸರಿಸಬಹುದು. ಚೌಕಟ್ಟು ಹಾಕಿರುವ ಬಗೆಯನ್ನು ಹತ್ತಿರದಿಂದ ಗಮನಿಸಿದರೆ ಇದು ತಾನಾಗಿಯೇ ತಿಳಿಯುತ್ತದೆ.

ಹಲವರು ಅಳುಕುವುದು ಸಮಕಾಲೀನ ಶಿಲ್ಪ ಮತ್ತು ಇನ್‌ಸ್ಟಲೇಷನ್‌ಗಳ, ಅಂದರೆ ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ರಚಿಸಿದ ಕೃತಿಗಳ ಮುಂದೆ. ‘ಇದು ಏನು, ಇದನ್ನು ಯಾಕೆ ಇಲ್ಲಿ ಇಟ್ಟಿದ್ದಾರೆ’ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ನಾಚಿಕೆಯಿಂದ ನುಂಗಿಕೊಳ್ಳಬೇಕಾಗಿಲ್ಲ. ಆದರೆ ವಸ್ತುಗಳನ್ನು ಒಂದು ಜಾಗದಲ್ಲಿ ಇರಿಸಿ ಆ ಜಾಗದ ಅರ್ಥವನ್ನೇ ಬದಲಿಸುವ ಕ್ರಮ ನಮಗೆ ಹೊಸತಲ್ಲ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ವರ್ಷದಿಂದ ವರ್ಷಕ್ಕೆ ಸೇರಿ, ಮಳೆಗೆ ಕರಗಿ, ಪಾಚಿ ಹಿಡಿದು, ಹೊಸತು ಹಳತರ ನಡುವೆ ನಿಂತಿರುವುದನ್ನು ಕಂಡವರು, ಎಣಿಕೆ, ಪುನರಾವರ್ತನೆ, ಶಿಥಿಲತೆ ಇವೂ ಅರ್ಥವನ್ನು ಹೇಳಬಲ್ಲವು ಎಂಬುದನ್ನು ಆಗಲೇ ಬಲ್ಲವರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೆಗಣಿ, ಕುಂಕುಮ, ದಾರ, ಕೂದಲು, ಡಾಂಬರಿನ ಪೀಪಾಯಿಗಳಿಂದ ಕೃತಿಗಳನ್ನು ರಚಿಸಿ ಜಗತ್ತಿನ ಗಮನ ಸೆಳೆದಿದ್ದಾರೆ. ಕುಂದಾಪುರದ ಬಳಿಯ ಕೋಟೇಶ್ವರದಿಂದ ಬಂದ ಎಲ್.ಎನ್. ತಲ್ಲೂರು ಅವರು ಮೈಸೂರಿನಲ್ಲಿ ಚಿತ್ರಕಲೆಯನ್ನೂ ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಓದಿದವರು. ಮ್ಯಾಪ್ ತೆರೆದಾಗ ಅವರ ‘ಚಿರಾಗ್-ಎ-ಎಐ’ ಎಂಬ ಪ್ರದರ್ಶನವೂ ಅಲ್ಲಿತ್ತು. ಈ ಇಬ್ಬರೂ ಬಳಸುವ ಸಾಮಗ್ರಿ ಮತ್ತು ರೂಪಗಳಲ್ಲಿ ಎಷ್ಟೋ ನಮ್ಮ ಅಂಗಳದಿಂದ, ನಮ್ಮ ದೇವಸ್ಥಾನದಿಂದ ಹೊರಟವು. ಲಂಡನ್ನಿನ ನೋಡುಗರಿಗೆ ಟಿಪ್ಪಣಿ ಓದಿ ತಿಳಿಯಬೇಕಾದದ್ದು ಕನ್ನಡದ ನೋಡುಗರಿಗೆ ವಾಸನೆಯಿಂದಲೇ ತಿಳಿಯುತ್ತದೆ.

ಕನ್ನಡದ ವಿವರಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಹಾನಗರದ ಕಲಾಗ್ಯಾಲರಿಗಳನ್ನು ಸುತ್ತುವಾಗ, ಕೆಲವೆಡೆ ಕನ್ನಡದ ಬರಹ ಇಲ್ಲವೇ ಇಲ್ಲ, ಕೆಲವೆಡೆ ಇದ್ದರೂ ಅದು ಇಂಗ್ಲಿಷ್ ವಾಕ್ಯದ ನೆರಳಿನಂತೆ ಇರುತ್ತದೆ. ನಮ್ಮ ಜಿಲ್ಲೆಯ ಸರ್ಕಾರಿ ಶಾಲೆಯ ಮಗುವೊಂದು ಬಂದು ಓದಿದರೆ ಅದಕ್ಕೆ ಕೃತಿಯ ಹತ್ತಿರ ಹೋಗುವ ಧೈರ್ಯ ಬರುವಂತೆ, ನಾಲ್ಕು ಸಾಲುಗಳನ್ನು ಕನ್ನಡದಲ್ಲೇ ಯೋಚಿಸಿ ಬರೆಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅಲ್ಲಿಯವರೆಗೆ, ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಮೊದಲು ತಾವು ಒಮ್ಮೆ ನೋಡಿ ಬಂದು, ಐದಾರು ಕೃತಿಗಳನ್ನು ಆರಿಸಿಕೊಂಡು, ಅವುಗಳ ಬಗ್ಗೆ ಮಾತ್ರ ಮಾತನಾಡುವುದು ಒಳ್ಳೆಯದು.

ಹೋಗುವ ದಾರಿ ಸುಲಭ. ಮಡಿಕೇರಿಯಿಂದ ಹೊರಡುವ ಬಸ್ಸಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು, ಅಲ್ಲಿಗೆ ಹತ್ತಿರದ ಮೆಟ್ರೊ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್‌ವರೆಗೆ ಹೋದರೆ ಉಳಿದದ್ದು ಸ್ವಲ್ಪ ದೂರದ ಆಟೋ ಪ್ರಯಾಣ. ಸೋಮವಾರ ರಜೆ. ಪ್ರದರ್ಶನಗಳು ಬದಲಾಗುತ್ತಲೇ ಇರುವುದರಿಂದ, ಈಗ ಏನಿದೆ ಎಂಬುದನ್ನು ಅವರ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಬೇಕು. ಇಲ್ಲಿ ಹೆಸರಿಸಿದ ಪ್ರದರ್ಶನಗಳೆಲ್ಲ ಆರಂಭದ ದಿನಗಳವು. ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯವೂ, ನೀಲಗಿರಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿಯೂ ಇವೆ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಬೆಳಿಗ್ಗೆ ಎರಡು ಅಂತಸ್ತು ನೋಡಿ, ಮಧ್ಯಾಹ್ನ ಕಬ್ಬನ್ ಉದ್ಯಾನದ ಮರಗಳ ಕೆಳಗೆ ಕಣ್ಣಿಗೆ ವಿರಾಮ ಕೊಟ್ಟು, ಮತ್ತೆ ಒಳಗೆ ಹೋಗಿ ಹಿಡಿಸಿದ ಕೃತಿಯನ್ನೇ ಎರಡನೆಯ ಸಲ ನೋಡುವುದು ಉತ್ತಮ. ರಾತ್ರಿಯ ಬಸ್ಸಿಗೆ ಮೊದಲೇ ಸೀಟು ಕಾಯ್ದಿರಿಸಿದ್ದರೆ ಬಾಗಿಲು ಹಾಕುವವರೆಗೂ ಅವಸರವಿಲ್ಲದೆ ಒಳಗಿರಬಹುದು.