ಪಾಸ್ತಾ ಸಾಸಿಗೆ ಕೀಮಾದ ಬದಲು: ಮಸೂರವೋ, ಸೋಯಾವೋ, ಅಣಬೆಯೋ?

ಕೀಮಾ ಹಾಕಿದ ಟೊಮೇಟೊ ಸಾಸಿನ ಪಾಸ್ತಾವನ್ನು ಕಡಿಮೆ ಖರ್ಚಿನಲ್ಲಿ ಸಸ್ಯಾಹಾರಿಯಾಗಿ ಮಾಡಲು ಏನು ಬಳಸಬೇಕೆಂದು ಕೇಳುವವರ ಮುಂದೆ ಮುಖ್ಯವಾಗಿ ಮೂರು ಆಯ್ಕೆಗಳಿವೆ: ಇಡೀ ಮಸೂರ, ಸೋಯಾ ಹರಳು (ಸೋಯಾ ಗ್ರ್ಯಾನ್ಯೂಲ್ಸ್) ಮತ್ತು ಅಣಬೆ.

ಖರ್ಚಿನಲ್ಲಿ ಮೊದಲೆರಡೂ ಹಗುರ. ಒಣ ಪದಾರ್ಥಗಳಾದ್ದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ, ನೀರು ಹೀರಿ ಚೆನ್ನಾಗಿ ಉಬ್ಬುತ್ತವೆ. ಅಣಬೆಯಲ್ಲಿ ಶೇ 90ರಷ್ಟು ನೀರೇ ಇರುವುದರಿಂದ ಬಾಣಲೆ ತುಂಬ ಹಾಕಿದ್ದು ಹುರಿದ ಮೇಲೆ ತಳಕ್ಕಿಳಿಯುತ್ತದೆ.

ಅಗಿಯುವಾಗ ಕೀಮಾಕ್ಕೆ ಹತ್ತಿರವೆನಿಸುವುದು ಸೋಯಾ. ಒಣ ತೂಕದ ಅರ್ಧದಷ್ಟು ಪ್ರೋಟೀನ್ ಅದರಲ್ಲಿದೆ. ಆದರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಗಟ್ಟಿಯಾಗಿ ಹಿಂಡಿ, ಈರುಳ್ಳಿ ಬೆಳ್ಳುಳ್ಳಿಯೊಂದಿಗೆ ಕೆಂಪಗೆ ಹುರಿಯದಿದ್ದರೆ ಉಳಿಯುವ ಹಸಿ ವಾಸನೆಯನ್ನು ಯಾವ ಮಸಾಲೆಯೂ ಮುಚ್ಚಲಾರದು. ಮಸೂರಕ್ಕೆ ಇಷ್ಟು ಉಪಚಾರ ಬೇಡ. ನೆನೆಸದೆಯೇ ಅರ್ಧ ಗಂಟೆಯೊಳಗೆ ಬೇಯುತ್ತದೆ, ಬೆಂದ ನೀರು ಸಾಸನ್ನು ಮಂದವಾಗಿಸುತ್ತದೆ. ಸಿಪ್ಪೆ ತೆಗೆದ ಕೆಂಪು ಬೇಳೆ ಮಾತ್ರ ಬೇಡ, ಅದು ಕರಗಿಹೋಗುತ್ತದೆ.

ಮಾಂಸದ ರೂಢಿಯಿರುವವರಿಗೆ ಬಡಿಸುವುದಾದರೆ ಸೋಯಾ ಸೂಕ್ತ. ಹೆಚ್ಚು ಜನರಿಗೆ, ಹೆಚ್ಚು ಗಮನ ಕೊಡಲಾಗದೆ ಮಾಡುವುದಾದರೆ ಮಸೂರವೇ ವಾಸಿ. ಗಾಢವಾದ ರುಚಿಗಾಗಿ ಅಣಬೆಯನ್ನೇ ಬಯಸುವವರು ಅದಕ್ಕೆ ಬೆಂದ ಮಸೂರವನ್ನು ಸಮಪಾಲು ಬೆರೆಸಿ ಖರ್ಚು ತಗ್ಗಿಸಬಹುದು.