ಎಟಿವಿ ಸೈಲೆನ್ಸರ್, ಜೆಟ್ ಸೆಟ್ಟಿಂಗ್: ಚಿಕ್ಕಮಗಳೂರಲ್ಲಿ ಒಬ್ರು ಸರಿಯಾಗಿ ಮಾಡ್ಕೊಟ್ರು

ತೋಟದಲ್ಲಿ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ಇಟ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ದು ಅತ್ತಿಗುಂಡಿ ಕಡೆ ಕಾಫಿ ತೋಟ, 200 ಸಿಸಿ ಗಾಡಿ, ಮಿಕುನಿ ಕಂಪನಿ ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋದು), ಗೊಬ್ಬರ ಮೂಟೆ ಸ್ಪ್ರೇಯರ್ ಎಲ್ಲಾ ಇದ್ರಲ್ಲೇ ಹೊರೋದು. ಹಳೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಯ್ತು ಅಂತ ಫ್ರೀ ಫ್ಲೋ, ಅಂದ್ರೆ ಹೊಗೆ ಸರಾಗ ಹೋಗೋ ಸೈಲೆನ್ಸರ್ ತರ್ಸಿ ಹಾಕ್ಸಿದೆ, ಅವತ್ತಿಂದ ಇಳಿಜಾರಲ್ಲಿ ಎಕ್ಸಲೇಟರ್ ಬಿಟ್ರೆ ಪಟಪಟ ಪಟಾಕಿ ಸದ್ದು, ಏರಲ್ಲಿ ದಮ್ಮೇ ಇಲ್ಲ, ಎಂಜಿನ್ ವಿಪರೀತ ಬಿಸಿ. ಬೇರೆ ಊರಿನ ಒಂದು ವರ್ಕ್‌ಶಾಪಲ್ಲಿ ಮೇನ್ ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಹರಿಯೋ ಸಣ್ಣ ತೂತಿನ ಪಾರ್ಟು, ನಂಬರ್ ದೊಡ್ದಾದ್ರೆ ಪೆಟ್ರೋಲ್ ಜಾಸ್ತಿ) 105 ತೆಗ್ದು ಏಕ್ದಂ 120 ಹಾಕಿ ಕಳ್ಸಿದ್ರು, ಮನೆಗೆ ತಂದ್ರೆ ಕಪ್ಪು ಹೊಗೆ, ಪ್ಲಗ್ ತುಂಬಾ ಮಸಿ.

ಕೊನೆಗೆ ಚಿಕ್ಕಮಗಳೂರು ಮಾರ್ಕೆಟ್ ರೋಡ್ ಹತ್ರ ಗಲ್ಲಿಲಿರೋ ಬೋರ್ಡಿಲ್ಲದ ಒಂದು ಗ್ಯಾರೇಜಿಗೆ ಪಿಕಪ್ಪಲ್ಲಿ ಹಾಕ್ಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಭಾಯ್ ಸ್ಪ್ಯಾನರ್ ಮುಟ್ಟೋಕೆ ಮುಂಚೆ ಕೇಳಿದ್ದು, "ಗೌಡ್ರೆ, ಗಾಡಿ ಓಡೋದು ಇಲ್ಲೇನಾ, ಮೇಲೆ ತೋಟದಲ್ಲಾ?" ಅಂತ. ಟೌನೇ ಸುಮಾರು 1,090 ಮೀಟರ್ ಎತ್ತರ, ನಮ್ದು ಇನ್ನೂ ಮೇಲೆ, ಮೇಲೆ ಹೋದಷ್ಟೂ ಗಾಳಿ ತೆಳು, ಇಲ್ಲಿ ಸರಿಯಾಗಿರೋ ಜೆಟ್ ಅಲ್ಲಿ ಪೆಟ್ರೋಲ್ ಜಾಸ್ತಿ ಕೊಡುತ್ತೆ. ಇದನ್ನ ಅಲ್ಲಿ ತನಕ ನಂಗೆ ಯಾರೂ ಕೇಳಿರ್ಲಿಲ್ಲ.

ಆಮೇಲೆ ಎಂಜಿನ್ನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪ್ ಜಾಯಿಂಟ್ ನೋಡಿದ್ರು, ಗ್ಯಾಸ್ಕೆಟ್ ಲೀಕ್, ಅರ್ಧ ಪಟಾಕಿ ಅಲ್ಲೇ ನಿಂತೋಯ್ತು. ಉಳಿದಿದ್ದು ಸ್ಲೋ ಜೆಟ್ (ಕಮ್ಮಿ ಎಕ್ಸಲೇಟರಿಗೆ ಪೆಟ್ರೋಲ್ ಕೊಡೋ ಸಣ್ಣ ಜೆಟ್) ಮತ್ತೆ ಗಾಳಿ ಹೆಚ್ಚು ಕಮ್ಮಿ ಮಾಡೋ ಏರ್ ಸ್ಕ್ರೂದು, ಅದು ಎಕ್ಸಲೇಟರ್ ಕಾಲು ಭಾಗದ ತನಕ, ಅಲ್ಲಿಂದ ಮುಕ್ಕಾಲು ತನಕ ಕಾರ್ಬೊರೇಟರ್ ಸೂಜಿಯ ಎತ್ತರ ಹಿಡಿಯೋ ನೀಡಲ್ ಕ್ಲಿಪ್ಪು, ಪೂರ್ತಿ ಕೊಟ್ಟಾಗ ಮಾತ್ರ ಮೇನ್ ಜೆಟ್. ಮೇನ್ ಜೆಟ್ ಒಂದನ್ನೇ ದೊಡ್ದು ಮಾಡಿದ್ರೆ ಎಕ್ಸಲೇಟರ್ ಬಿಟ್ಟಾಗಿನ ಪಟಾಕಿ ಹೋಗಲ್ಲ ಅಂತ ಆಗ ಅರ್ಥ ಆಯ್ತು.

ಭಾನುವಾರ ಜೆಟ್ ಡಬ್ಬಿ ಹಿಡ್ಕೊಂಡು ತೋಟಕ್ಕೇ ಬಂದ್ರು ಕಣ್ರೀ! ಹೊಸ ಪ್ಲಗ್ ಹಾಕಿ, ಉದ್ದ ಏರಲ್ಲಿ ಫುಲ್ ಕೊಟ್ಟು, ಹಂಗೇ ಕೀ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡೋದು. 115ಗೆ ಕಪ್ಪು, 110ಗೆ ಬಿಳಚ್ಕೊಂಡಿತ್ತು, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ, ಹಂಗೇ ಓಡಿಸಿದ್ರೆ ಪಿಸ್ಟನ್ ಹೋಗುತ್ತೆ, 112.5ಗೆ ಸರಿಯಾಗಿ ಬಿಸ್ಕೆಟ್ ಬಣ್ಣ. ಈಗ ಏರಲ್ಲಿ ಎರಡು ಮೂಟೆ ಇಟ್ರೂ ಎಳಿಯುತ್ತೆ.

ಸೈಲೆನ್ಸರ್ ಬಾಯಲ್ಲಿರೋ ಕಿಡಿ ತಡೆಯೋ ಜಾಲರಿ ತೆಗೀರಿ, ಪವರ್ ಬರುತ್ತೆ ಅಂತ ನಾನೇ ಅಂದಿದ್ದೆ, ಭಾಯ್ ಒಪ್ಲೇ ಇಲ್ಲ. ಮಾರ್ಚಲ್ಲಿ ದರಗು ಒಣಗಿ ಬಿದ್ದಿರುತ್ತೆ, ಒಂದು ಕಿಡಿ ಸಾಕು ತೋಟಕ್ಕೂ ಗುಡ್ಡಕ್ಕೂ ಬೆಂಕಿ ಬೀಳೋಕೆ. ಅವ್ರು ಹೇಳಿದ್ದೇ ಸರಿ, ನೀವೂ ತೆಗೆಸ್ಬೇಡಿ.

ಬೇಜಾರಾಗಿದ್ದು ಅಂದ್ರೆ ಫೋನ್ ಎತ್ತಲ್ಲ, ಒಂಬತ್ತು ದಿನ ಕಾಯ್ಸಿದ್ರು, ಬಿಲ್ ಕೇಳಿದ್ರೆ ಚೀಟಿ. ಗ್ಯಾಸ್ಕೆಟ್, ಪ್ಲಗ್, ಜೆಟ್ಟು, ತೋಟಕ್ಕೆ ಬಂದಿದ್ದು ಎಲ್ಲಾ ಸೇರಿ 2,400 ತಗೊಂಡ್ರು, ಆ ಕೆಲ್ಸಕ್ಕೆ ಅದು ಜಾಸ್ತಿ ಅಲ್ಲ.

ಇನ್ನೊಂದು, ಬರೀ ನಂಬರ್ ನೋಡಿ ಜೆಟ್ ತರಿಸ್ಬೇಡಿ. ಕೆಹಿನ್ ಅನ್ನೋ ಇನ್ನೊಂದು ಕಾರ್ಬೊರೇಟರ್ ಕಂಪನಿ ಜೆಟ್ ನಂಬರ್ ತೂತಿನ ಅಳತೆ, ಮಿಕುನಿ ಹೆಕ್ಸ್ (ಆರು ಮೂಲೆ ತಲೆಯ) ಜೆಟ್ಟಿಂದು ಪೆಟ್ರೋಲ್ ಎಷ್ಟು ಹರಿಯುತ್ತೆ ಅನ್ನೋ ಲೆಕ್ಕ, ಎರಡರ 110 ಒಂದೇ ಅಲ್ಲ. ಹೋಗೋವಾಗ ಗಾಡಿ ಜೊತೆ ಬಂದಿದ್ದ ಹಳೆ ಜೆಟ್ಟನ್ನೂ ಜೇಬಲ್ಲಿ ಹಾಕ್ಕೊಂಡ್ ಹೋಗಿ, ಭಾಯ್ ಮೊದ್ಲು ಅದನ್ನೇ ಕೇಳ್ತಾರೆ.