ತುಕ್ಕು ಹಿಡಿದ ಬೋಲ್ಟು, ಪಕ್ಕದಲ್ಲೇ ಎಬಿಎಸ್ ಸೆನ್ಸರ್: ಗನ್, ಬೆಂಕಿ, ಎಣ್ಣೆ

ಕುಂದಾಪುರದ ಕಡಲ ಬದಿಯಲ್ಲಿ ಹನ್ನೊಂದು ಮಳೆಗಾಲ ಕಂಡ ನಮ್ಮ ಸಣ್ಣ ಕಾರಿನ ಮುಂದಿನ ಎರಡೂ ಚಕ್ರಗಳ ಬೇರಿಂಗುಗಳು ಒಂದೇ ವರ್ಷದಲ್ಲಿ ಸದ್ದು ಮಾಡತೊಡಗಿದವು. ಎಡಗಡೆಯದನ್ನು ಮಾರ್ಚಿನಲ್ಲಿ, ಬಲಗಡೆಯದನ್ನು ಅಕ್ಟೋಬರಿನಲ್ಲಿ ಮನೆಯ ಅಂಗಳದಲ್ಲೇ ಬಿಚ್ಚಿದೆ. ಬೇರಿಂಗನ್ನು ಪ್ರೆಸ್ ಮಾಡಿಸಲು, ಅಂದರೆ ಯಂತ್ರದಲ್ಲಿ ಒತ್ತಿ ಕೂರಿಸಲು ಮಾತ್ರ ಲೇತ್ ಅಂಗಡಿಗೆ ಒಯ್ದೆ. ಎರಡೂ ಬದಿಗೆ ಬಡಿದದ್ದು ಅದೇ ಉಪ್ಪುಗಾಳಿಯಾದ್ದರಿಂದ, ಜಾಮ್ ಆದ ಬೋಲ್ಟುಗಳನ್ನು ಬಿಚ್ಚುವ ವಿಧಾನಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು.

ಚಕ್ರದ ಹಿಂದೆ ಬೇರಿಂಗನ್ನು ಹಿಡಿದಿರುವ ಲೋಹದ ತುಂಡಾದ ನಕಲ್‌ನಲ್ಲಿ ಎರಡು ಜಾತಿಯ ಬೋಲ್ಟುಗಳಿರುತ್ತವೆ. ಶಾಕ್ ಅಬ್ಸಾರ್ಬರನ್ನು ಹಿಡಿದಿರುವ ಎರಡು ದಪ್ಪ ಬೋಲ್ಟುಗಳು ಹೆಚ್ಚು ಬಲ ಹಾಕಿದರೂ ತಡೆದುಕೊಳ್ಳುತ್ತವೆ. ಎಬಿಎಸ್ ಸೆನ್ಸರನ್ನು (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ ಚಕ್ರದ ವೇಗ ತಿಳಿಸುವ ಸಾಧನ) ಹಿಡಿದಿರುವುದು 6 ಮಿ.ಮೀ.ನ ಒಂದೇ ಬೋಲ್ಟು, 10ರ ಸ್ಪ್ಯಾನರಿನದು. ಹೊಸದನ್ನು ಬಿಗಿಯಲು ಸುಮಾರು 8ರಿಂದ 10 ನ್ಯೂಟನ್ ಮೀಟರ್ ಬಲ ಸಾಕು. ಮೊದಲನೆಯದಕ್ಕೆ ಒಗ್ಗುವ ವಿಧಾನ ಎರಡನೆಯದನ್ನು ಹಾಳುಮಾಡುತ್ತದೆ ಎಂಬುದು ನನಗೆ ಎಡಗಡೆಯಲ್ಲಿ ತಿಳಿಯಿತು.

ದಪ್ಪ ಬೋಲ್ಟುಗಳಿಗೂ ಆ್ಯಕ್ಸಲ್ ನಟ್ಟಿಗೂ ಏಟಿನ ಮೇಲೆ ಏಟು ಕೊಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಸಮನಾದದ್ದಿಲ್ಲ. ಅದೇ ಗನ್ನನ್ನು ಸೆನ್ಸರ್ ಬೋಲ್ಟಿಗೆ ಹಿಡಿದಾಗ, ಗುಂಡಿ ಒತ್ತಿದ ಕ್ಷಣದಲ್ಲೇ ಬೋಲ್ಟಿನ ತಲೆ ಸಾಕೆಟ್ಟಿನೊಳಗೆ ಉಳಿದು, ಉಳಿದ ಭಾಗ ನಕಲ್‌ನಲ್ಲೇ ತುಂಡಾಗಿ ನಿಂತಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ ಹಿಡಿಯಿತು.

ಗನ್ನಿಗೂ ಜಗ್ಗದ ಒಂದು ಶಾಕ್ ಅಬ್ಸಾರ್ಬರ್ ನಟ್ಟಿಗೆ ಗ್ಯಾಸ್ ಟಾರ್ಚ್ ಹಿಡಿದೆ. ನಟ್ಟು ಕಾದು ಹಿಗ್ಗಿದಾಗ ಥ್ರೆಡ್ಡಿನ ನಡುವಿನ ತುಕ್ಕಿನ ಹಿಡಿತ ಬಿಡುತ್ತದೆ, ಮತ್ತೆ ಉದ್ದ ಹಿಡಿಯ ಸ್ಪ್ಯಾನರ್ ಸಾಕು. ಹಾಗೆ ಕಾಯಿಸಿದ ಬೋಲ್ಟು ಮತ್ತು ನಟ್ಟು ತಮ್ಮ ಗಟ್ಟಿತನ ಕಳೆದುಕೊಂಡಿರುವ ಸಾಧ್ಯತೆಯಿರುವುದರಿಂದ ಅವನ್ನು ಮತ್ತೆ ಹಾಕಬಾರದು. ನಾನು ಹೊಸ ಜೋಡಿ ಹಾಕಿದೆ. ಸೆನ್ಸರಿನ ಹತ್ತಿರ ಬೆಂಕಿ ತರುವ ಮಾತೇ ಇಲ್ಲ: ಅದರ ಮೈ ಪ್ಲಾಸ್ಟಿಕ್ಕಿನದು, ಕರಗುತ್ತದೆ.

ಆದ್ದರಿಂದ ಬಲಗಡೆಗೆ ಎಣ್ಣೆಯನ್ನೇ ನೆಚ್ಚಿಕೊಂಡೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಮೂಲತಃ ನೀರನ್ನು ಹೊರದೂಡಲು ಮಾಡಿದ ದ್ರವ. ತುಕ್ಕಿನೊಳಕ್ಕೆ ಇಳಿಯಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆಯೇ ಇದೆ, ನನ್ನ ಕೈಯಲ್ಲಿ ಅದು ಸ್ಪಷ್ಟವಾಗಿ ಮೇಲಾಯಿತು. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಯನ್ನು ಸಮ ಪಾಲಿನಲ್ಲಿ ಬೆರೆಸುವ ಗ್ಯಾರೇಜು ಮದ್ದನ್ನು ದಪ್ಪ ಬೋಲ್ಟುಗಳಿಗೆ ಬಳಸಿ ಮೆಚ್ಚಿದ್ದೇನೆ, ಆದರೆ ಅಸಿಟೋನ್ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಸೆನ್ಸರಿನಿಂದ ಅದನ್ನು ದೂರವಿಟ್ಟೆ. ಮೂರು ಸಂಜೆ ಎಣ್ಣೆ ಬಿಟ್ಟು, ಪ್ರತಿ ಸಲವೂ ಬೋಲ್ಟಿನ ತಲೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ನಾಲ್ಕನೆಯ ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿದೆ, ಆಮೇಲೆ ಸಡಿಲಿಸಿದೆ. ಕಿರ್ರೆಂದಿತು, ಅಂಚಿನಲ್ಲಿ ಕಂದು ಪುಡಿ ಮಿಶ್ರಿತ ಎಣ್ಣೆ ಜಿನುಗಿತು. ಕಾಲು ಸುತ್ತು ಹಿಂದೆ, ಅರೆಗಾಲು ಮುಂದೆ, ಹೀಗೆ ಆಡಿಸುತ್ತಾ ಅದನ್ನು ಇಡಿಯಾಗಿ ಹೊರತೆಗೆದೆ.

ಬೋಲ್ಟು ಬಂದರೂ ಸೆನ್ಸರ್ ಬರುವುದಿಲ್ಲ, ಏಕೆಂದರೆ ತೂತಿನ ಒಳಗೋಡೆಯ ತುಕ್ಕು ಉಬ್ಬಿ ಅದನ್ನು ಸುತ್ತಲಿಂದ ಅದುಮಿರುತ್ತದೆ. ಎಡಗಡೆಯಲ್ಲಿ ಸ್ಕ್ರೂ ಡ್ರೈವರಿನಿಂದ ಮೀಟಿದೆ, ಕತ್ತು ಮುರಿಯಿತು. ಬಲಗಡೆಯಲ್ಲಿ ಮೀಟದೆ, ಅದರ ಕಿವಿಯನ್ನು ಇಕ್ಕಳದಲ್ಲಿ ಹಿಡಿದು, ಎಣ್ಣೆ ಬಿಡುತ್ತಾ, ಎಡಕ್ಕೂ ಬಲಕ್ಕೂ ತುಸುತುಸುವೇ ತಿರುಗಿಸಿದೆ. ನಲವತ್ತು ನಿಮಿಷಕ್ಕೆ ಜೀವಂತವಾಗಿ ಬಂತು. ಕೆಲಸ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಅಥವಾ ಶಾಕ್ ಅಬ್ಸಾರ್ಬರಿನದಷ್ಟೇ ಆಗಿದ್ದರೆ ನಾನು ಸೆನ್ಸರನ್ನು ಮುಟ್ಟುವುದೇ ಇಲ್ಲ: ವೈರನ್ನು ಕ್ಲಿಪ್ಪುಗಳಿಂದ ಬಿಡಿಸಿ, ಕನೆಕ್ಟರನ್ನು ಕಳಚಿ, ನಕಲ್ ಜೊತೆಯಲ್ಲೇ ಬಿಡುತ್ತೇನೆ. ಬೇರಿಂಗ್ ಪ್ರೆಸ್ ಮಾಡುವಾಗ ಮಾತ್ರ ತುದಿಗೆ ಏಟು ಬೀಳುವ ಭಯವಿರುವುದರಿಂದ ತೆಗೆಯಬೇಕಾಗುತ್ತದೆ.

ಜೋಡಿಸುವಾಗ ತೂತನ್ನೂ ಸೆನ್ಸರ್ ಕೂರುವ ಮುಖವನ್ನೂ ಉಪ್ಪುಕಾಗದದಿಂದ ಉಜ್ಜಿದೆ. ಅಲ್ಲಿ ತುಕ್ಕು ಉಳಿದರೆ ಸೆನ್ಸರ್ ಮೇಲೇಳುತ್ತದೆ, ಅಂತರ ಹೆಚ್ಚಾಗಿ ಸಂಕೇತ ದುರ್ಬಲವಾಗುತ್ತದೆ. ನಮ್ಮ ಕಾರಿನಂತೆ ಬೇರಿಂಗಿನ ಸೀಲಿನಲ್ಲೇ ಸೆನ್ಸರ್ ಓದುವ ಕಾಂತೀಯ ಪಟ್ಟಿಯಿರುವ ಕಡೆ, ಆ ಮುಖ ಸೆನ್ಸರಿನ ಕಡೆಗೇ ಇರಬೇಕು. ಲೇತ್ ಅಂಗಡಿಗೆ ಹೋಗುವ ಮೊದಲೇ ಕಾಗದ ಸಿಕ್ಕಿಸುವ ಒಂದು ಉಕ್ಕಿನ ಕ್ಲಿಪ್ಪನ್ನು ಬೇರಿಂಗಿನ ಎರಡೂ ಬದಿಗೆ ಹಿಡಿದು, ಅದು ಅಂಟಿಕೊಂಡ ಸೀಲಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿದೆ.